ಕಡಲ ಊರಿನಲ್ಲಿ ಅತ್ತೆಯ ಹತ್ತು ದಿನ

ಆ ಊರಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಗಳಿಗೆಲ್ಲ ಹಲಗೆ ಹಾಕಿಬಿಡುತ್ತಿದ್ದರು. ಶಟರು ಅಲ್ಲ, ನಿಜವಾದ ಮರದ ಹಲಗೆಗಳು. ಒಂದು, ಎರಡು, ಮೂರು ಎಂದು ಬಿಳಿ ಬಣ್ಣದಲ್ಲಿ ಅಂಕಿ ಬರೆದು, ಒಂದರ ಪಕ್ಕ ಒಂದನ್ನು ಜೋಡಿಸಿ ಮುಚ್ಚುವಂಥವು. ನಾನು ಚಿಕ್ಕಬಳ್ಳಾಪುರದಲ್ಲಿ ಕಾನ್ವೆಂಟಿಗೆ ಹೋಗುತ್ತಿದ್ದ ಕಾಲದಲ್ಲಿ ಬಜಾರಿನ ದಾರಿಯಲ್ಲಿ ಅಂಥವನ್ನು ನೋಡಿದ್ದೆ. ಕಡಲ ಊರಿನ ದರ್ಜಿ ಮಿಶನ್ನಿನ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದ. ಕೊಡೆ ರಿಪೇರಿಯವನು ಬೇಸಿಗೆಯಲ್ಲೂ ಬಿಚ್ಚಿದ ಕೊಡೆಗಳ ನಡುವೆ ಕೂತಿರುತ್ತಿದ್ದ. ವಾಚನಾಲಯದ ಮುಂದೆ ಎರಡು ಕಲ್ಲುಬೆಂಚುಗಳಿದ್ದವು. ಅವುಗಳ ಮೇಲೆ ಕೆತ್ತಿದ ದಾನಿಗಳ ಹೆಸರು ಜನ ಕೂತು ಕೂತು ಸವೆದುಹೋಗಿತ್ತು. ಬೀದಿಯ ಕೊನೆಯಲ್ಲಿ ಒಂದು ಮೋಟುಗೋಡೆ. ಅದರಾಚೆ, ಇಷ್ಟೇ ನಾನು ಎನ್ನುವ ಹಾಗೆ, ಸಮುದ್ರ.

ಯುಗಾದಿಗೆ ತಿಂಗಳಿರುವಾಗ ಆ ಊರಿಗೆ ನಾನು ನಮ್ಮತ್ತೆಯನ್ನು ಕರೆದುಕೊಂಡು ಹೋದದ್ದು ಅವರ ಉಸಿರಿಗಾಗಿ.

ಅತ್ತೆಯ ಊರು ಶಿಡ್ಲಘಟ್ಟದ ಕಡೆ, ಸಾದಲಿಯ ಹತ್ತಿರದ ಒಂದು ಹಳ್ಳಿ. ನಲವತ್ತೈದು ವರ್ಷ ಅವರು ರೇಷ್ಮೆ ಹುಳು ಸಾಕಿದವರು. ಹುಳು ಮನೆಯಲ್ಲಿ ಸುಣ್ಣದ ಪುಡಿ ಉದುರಿಸುತ್ತಾರೆ, ಔಷಧಿ ಹೊಡೆಯುತ್ತಾರೆ, ಚಳಿಗಾಲದಲ್ಲಿ ಕೆಂಡದ ಒಲೆ ಇಡುತ್ತಾರೆ. ಆ ಧೂಳು, ಆ ಹೊಗೆ ಎಲ್ಲವನ್ನೂ ನಲವತ್ತೈದು ವರ್ಷ ಅವರು ಒಳಕ್ಕೆ ಎಳೆದುಕೊಂಡಿದ್ದರು. ಕಳೆದ ವರ್ಷದಿಂದ ಅಡಿಗೆಮನೆಯಿಂದ ಜಗುಲಿಗೆ ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವುದು ಶುರುವಾಯಿತು. ನಿಂತರೆ ಎದೆಯೊಳಗೆ ಒಣಗಿದ ಎಲೆ ತುಳಿದ ಹಾಗೆ ಸದ್ದು.

ಡಾಕ್ಟರು ಅತ್ತೆಯ ಎದುರಿಗೆ ಹೇಳಿದ್ದು ಇಷ್ಟು: "ಅಜ್ಜಿ, ಸ್ವಲ್ಪ ದಿನ ಧೂಳು, ಹೊಗೆ ಇಲ್ಲದ ಕಡೆ ಹೋಗಿ ಇರಿ. ಸಮುದ್ರದ ಕಡೆಗೆ ಹೋದರೂ ಆಯ್ತು." ಅತ್ತೆ ಹೊರಗೆ ಹೋದ ಮೇಲೆ ನನಗೆ ಹೇಳಿದ್ದು ಬೇರೆ. "ಶ್ವಾಸಕೋಶ ಗಟ್ಟಿಯಾಗಿದೆ ಅಮ್ಮ. ಕೆಟ್ಟಿರೋದು ವಾಪಸ್ಸು ಬರಲ್ಲ. ಹವಾ ಬದಲಾದಾಗ ಸುಧಾರಿಸಿದ ಹಾಗೆ ಕಾಣುತ್ತೆ. ಅದನ್ನ ನಂಬ್ಕೊಂಡು ಮತ್ತೆ ಹುಳು ಮನೆಗೆ ಮಾತ್ರ ಬಿಡಬೇಡಿ."

ಅತ್ತೆಗೆ ಹುಳು ಮನೆ ಬಿಟ್ಟು ಬೇರೇನೂ ಬೇಕಿರಲಿಲ್ಲ. ನಾವು ಶಿಡ್ಲಘಟ್ಟದಲ್ಲಿ ಮನೆ ಮಾಡಿಕೊಂಡಿದ್ದರೂ, ನನ್ನ ಯಜಮಾನರು ದಿನಾ ಕೆಲಸ ಮುಗಿಸಿ ಹಳ್ಳಿಗೆ ಹೋಗಿ ನೋಡಿಕೊಂಡು ಬರುತ್ತಿದ್ದರೂ, ಅತ್ತೆ ಹಳ್ಳಿಯಿಂದ ಕದಲಿರಲಿಲ್ಲ. ಸಮುದ್ರಕ್ಕೆ ಹೋಗು ಎಂದರೆ ಒಪ್ಪುತ್ತಾರೆಯೇ? ಕೊನೆಗೆ ಮಗ ಒಂದು ಮಾತು ಕೊಟ್ಟರು.

"ಹೋಗ್ಬಾಮ್ಮ. ಹತ್ತು ದಿನ. ಉಸಿರು ಸರಿ ಆಯ್ತು ಅಂದ್ರೆ ಯುಗಾದಿ ಆದ್ಮೇಲೆ ಒಂದು ಬೆಳೆ ಇಡಣ."

"ಆಣೆ?"

"ಆಣೆ ಯಾಕಮ್ಮ, ಹೇಳಿದ್ನಲ್ಲ."

"ಸರಿ, ನಡಿಯಮ್ಮ ಮತ್ತೆ," ಎಂದು ಅತ್ತೆ ನನ್ನ ಕಡೆ ತಿರುಗಿದರು. "ಬಟ್ಟೆ ತುಂಬ್ಕೊ. ಹತ್ತು ದಿನ ಏನು, ಕಣ್ಮುಚ್ಚಿ ಬಿಡೋಷ್ಟರಲ್ಲಿ ಹೋಯ್ತದೆ."

ಒಂದು ಬೆಳೆ ಎಂದರೆ ಇಪ್ಪತ್ತು ದಿನದ ಲೆಕ್ಕ. ಮೊಟ್ಟೆಯೊಡೆದ ಹುಳುವನ್ನು ಎಳೆಯದಾಗಿರುವಾಗ ಚಾಕಿ ಕೇಂದ್ರದವರು ಸಾಕುತ್ತಾರೆ. ಎರಡು ಸಲ ಪೊರೆ ಬಿಟ್ಟ ಮೇಲೆ ರೈತರು ತಂದು ಗೂಡು ಕಟ್ಟುವವರೆಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆಸುತ್ತಾರೆ. ಆ ಇಪ್ಪತ್ತು ದಿನ ಇನ್ನೊಮ್ಮೆ ಬೇಕು ಎಂಬುದಷ್ಟೇ ಅತ್ತೆಯ ಆಸೆ.

ನಾವು ಉಳಿದುಕೊಂಡದ್ದು ಹಂಚಿನ ಮಾಡಿನ ಹಳೆಯ ಲಾಡ್ಜಿನಲ್ಲಿ. ಒಟ್ಟು ಆರೇ ಕೋಣೆಗಳು. ನಮ್ಮದೊಂದರಲ್ಲೇ ಜನ. ಬಾಗಿಲಿಗೆ ಹಿತ್ತಾಳೆಯ ಚಿಲಕ, ಕಿಟಕಿಗೆ ಹಸಿರು ಬಣ್ಣದ ಮರದ ಪಟ್ಟಿಗಳು. ಮೇಜಿನ ಮೇಲೆ ಕ್ರೋಶದ ಹೂವು ಹಾಕಿದ ಬಟ್ಟೆ, ಅದರ ಒಂದು ಮೂಲೆಯ ಎಳೆ ಬಿಚ್ಚಿಕೊಂಡಿತ್ತು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಶನಿವಾರ ಶನಿವಾರ ನಮ್ಮ ಕೈಯಲ್ಲಿ ಹಾಕಿಸುತ್ತಿದ್ದದ್ದು ಅದೇ ಹೂವು. ಕೈ ಸುಮ್ಮನಿರದೆ ಮೊದಲ ದಿನವೇ ಆ ಮೂಲೆಯನ್ನು ಸೂಜಿಯಿಂದ ಸರಿಮಾಡಿದೆ. ಲಾಡ್ಜು ನಡೆಸುತ್ತಿದ್ದವರು ವಯಸ್ಸಾದ ಒಬ್ಬ ಹೆಂಗಸು. ಗಂಟಲು ದೊಡ್ಡದು, ಮನಸ್ಸೂ ದೊಡ್ಡದು.

ಮೊದಲ ದಿನವೇ ಅತ್ತೆ ಕಿಟಕಿ ಮುಚ್ಚಿಸಿದರು.

"ಅತ್ತೆ, ಗಾಳಿ ಬರ್ಲಿ ಅಂತ ತಾನೆ ಬಂದಿರೋದು?"

"ಇದು ಗಾಳಿನಾ? ಮುಟ್ಟಿ ನೋಡು, ಕೈಗೆ ಅಂಟುತ್ತೆ. ಹಸಿ ಗಾಳಿ ಕಣಮ್ಮ ಇದು. ಹಸಿ ಗಾಳಿ ಬಿಟ್ರೆ ಹುಳ ಸುಣ್ಣಕಟ್ಟಿ ಸಾಯ್ತವೆ."

ಸುಣ್ಣಕಟ್ಟುವುದೆಂದರೆ ತೇವಕ್ಕೆ ಹುಳು ಸತ್ತು ಸೀಮೆಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಬಿರುಸಾಗುವುದು. ತಟ್ಟೆಗೆ ತಟ್ಟೆಯೇ ಹಾಗಾಗಿ, ಅತ್ತೆ ಹೊಂಡ ತೋಡಿಸಿ ಹೂಳಿಸಿದ್ದನ್ನು ನಾನೇ ನೋಡಿದ್ದೇನೆ.

ಕಾಫಿ ತಂದ ಲಾಡ್ಜಿನಮ್ಮ ಬಾಗಿಲಲ್ಲೇ ನಿಂತು ನಕ್ಕುಬಿಟ್ಟರು. "ಎಂತ ಹುಳ ಮಾರಾಯ್ತಿ? ಇಲ್ಲಿ ಹುಳ ಎಲ್ಲಿ ಉಂಟು, ನೀವು ಇಬ್ಬರೇ ಇರೂದು!"

"ನಿಮ್ಗೆ ಗೊತ್ತಾಗಲ್ಲ ಬಿಡಮ್ಮ," ಎಂದರು ಅತ್ತೆ. "ನಿಮ್ಮ ಮೀನು ನಿಮ್ಗೆ, ನಮ್ಮ ಹುಳ ನಮ್ಗೆ."

ಕಿಟಕಿ ಮುಚ್ಚಿಸಿದ್ದಕ್ಕೆ ಇನ್ನೊಂದು ಕಾರಣ ಆ ದಿನ ಸಂಜೆ ಗೊತ್ತಾಯಿತು. ಅತ್ತೆ ತಮ್ಮ ಚೀಲದ ತಳದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಹಳೆ ನೂಲಿನ ಸೀರೆ ತೆಗೆದು, ಮೂಸಿ ನೋಡಿ, ಮತ್ತೆ ಸುತ್ತಿ ಕಬ್ಬಿಣದ ಬೀರುವಿನಲ್ಲಿಟ್ಟರು. ಅದು ಹುಳು ಮನೆಯ ಸೀರೆ. ಹುಳುವಿಗೆ ಯಾವ ವಾಸನೆಯೂ ಆಗುವುದಿಲ್ಲ. ಸೋಪಿನದಾಗಲಿ, ಹೂವಿನದಾಗಲಿ, ಒಗ್ಗರಣೆಯದಾಗಲಿ ತಗಲಿದರೆ ತಲೆಯೆತ್ತಿಕೊಂಡು ಮೇವು ಬಿಡುತ್ತವೆ. ಹೊಸ ಮದುವಣಗಿತ್ತಿಯಾಗಿ ನಾನು ಮುಖಕ್ಕೆ ಪೌಡರ್ ಹಚ್ಚಿ, ಮಲ್ಲಿಗೆ ಮುಡಿದು, ಅತ್ತೆಗೆ ಕಾಫಿ ಕೊಡೋಣವೆಂದು ಹುಳು ಮನೆ ಬಾಗಿಲಿಗೆ ಹೋದಾಗ ಒಳಗಿನಿಂದಲೇ ಕೂಗಿದ್ದರು: "ಅಲ್ಲೇ ನಿಂತ್ಕೊ! ಏನಮ್ಮ, ಘಮಘಮ ಅಂತ ಹುಳಕ್ಕೆ ಮದ್ವೆ ಮಾಡ್ಸಕ್ಕೆ ಬಂದ್ಯಾ? ಇದೆಲ್ಲ ನಿಮ್ಮ ಕಾನ್ವೆಂಟಿನಲ್ಲಿ ಹೇಳ್ಕೊಡ್ಲಿಲ್ವಾ?" ಅಂದಿನಿಂದ ನಾನು ಪೌಡರ್ ಹಚ್ಚಿಲ್ಲ.

ಊರಿಗೆ ವಾಪಸ್ಸು ಹೋದ ದಿನವೇ ಹುಳು ಮನೆ ತೊಳೆಯಬೇಕು, ಅದಕ್ಕೆ ಈ ಸೀರೆ ಜೊತೆಯಲ್ಲೇ ಇರಲಿ ಎಂದು ಅತ್ತೆ ತಂದಿದ್ದರು. ಅದಕ್ಕೆ ಮೀನಿನ ವಾಸನೆ, ಉಪ್ಪುಗಾಳಿ ತಗಲಬಾರದು. ಅದಕ್ಕೇ ಕಿಟಕಿ ಮುಚ್ಚಬೇಕು. ಅದೇ ಸಂಜೆ ಸೊಳ್ಳೆ ಕಾಟಕ್ಕೆಂದು ಲಾಡ್ಜಿನಮ್ಮ ಸೊಳ್ಳೆ ಬತ್ತಿ ಹಚ್ಚಿಟ್ಟು ಹೋದರೆ, ಅತ್ತೆ ಎದ್ದು ಅದನ್ನು ನೀರಿನ ಲೋಟದಲ್ಲಿ ಅದ್ದಿದರು. ಸೊಳ್ಳೆ ಬತ್ತಿಯ ಹೊಗೆ ತಗಲಿದ ಕೈಯಲ್ಲಿ ಸೊಪ್ಪು ಹಾಕಿದರೆ ಒಂದು ಹುಳವೂ ಉಳಿಯುವುದಿಲ್ಲ ಎಂಬುದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು. ಹುಳುಗಳು ಇನ್ನೂರೈವತ್ತು ಮೈಲಿ ದೂರದಲ್ಲಿ, ಇನ್ನೂ ಮೊಟ್ಟೆಯನ್ನೂ ಒಡೆದಿರಲಿಲ್ಲ. ಹತ್ತು ದಿನವೂ ಸೊಳ್ಳೆ ನಮ್ಮಿಬ್ಬರನ್ನು ಕಚ್ಚಿದವು.

ನಾನು ಕಿಟಕಿ ತೆಗೆಯಲಿಲ್ಲ. ತೆಗೆಯಬೇಕಿತ್ತು. ದನಿ ಎತ್ತಿ ಮಾತಾಡುವುದು ನನಗೆ ಬಾರದು. ಆ ಅಭ್ಯಾಸ ಹುಟ್ಟಿನದೋ ಸಿಸ್ಟರುಗಳು ಕಲಿಸಿದ್ದೋ ನನಗೇ ತಿಳಿಯದು.

ಕಿಟಕಿ ಮುಚ್ಚಿಸಿದರೂ ನಡೆಯುವುದನ್ನು ಮಾತ್ರ ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಲಾಡ್ಜಿನ ಮೆಟ್ಟಿಲಿಂದ ಸಮುದ್ರದ ಮೋಟುಗೋಡೆಗೆ ಎಷ್ಟು ದೂರವೋ, ತಮ್ಮ ಮನೆಯಿಂದ ಹಿಪ್ಪುನೇರಳೆ ತೋಟಕ್ಕೂ ಅಷ್ಟೇ ದೂರ ಎಂದು ಅವರೇ ತೀರ್ಮಾನ ಮಾಡಿದ್ದರು.

"ಸೊಪ್ಪಿನ ಹೊರೆ ಇಲ್ದೆ ಇಷ್ಟು ದೂರ ಹೋಗಿ ಬರಕ್ಕೆ ಆಗ್ದಿದ್ರೆ, ಹೊರೆ ಹೊತ್ಕೊಂಡು ಏನ್ ನಡೀತೀನಿ? ನಡಿ, ಕೈ ಹಿಡೀಬೇಡ. ತೋಟದಲ್ಲಿ ನನ್ನ ಕೈ ಯಾರು ಹಿಡ್ಕೊತಾರೆ?"

ಮೊದಲ ದಿನ ಹೋಗುವಾಗ ನಾಲ್ಕು ಕಡೆ ನಿಂತರು: ಬೇಕರಿಯ ಹತ್ತಿರ, ದರ್ಜಿಯ ಹತ್ತಿರ, ಕೊಡೆಯವನ ಹತ್ತಿರ, ಬೆಂಚಿನ ಮೇಲೆ. ನಿಂತಾಗಲೆಲ್ಲ ಏನಾದರೂ ನೋಡುವ ನೆಪ. ಕೊಡೆಯವನ ಮುಂದೆ ನಿಂತು ಒಂದು ಕೊಡೆಯ ಕಡ್ಡಿಗಳನ್ನು ಒಂದೊಂದಾಗಿ ಎಣಿಸಿದರು, ಕೊಳ್ಳುವವರ ಹಾಗೆ. ಅವರ ಕುತ್ತಿಗೆಯ ಬುಡದ ಗುಳಿ ಒಳಕ್ಕೆ ಹೋಗಿ ಬರುವುದನ್ನು ನಾನು ನೋಡುತ್ತಿದ್ದೆ. ಗೋಡೆ ಮುಟ್ಟಿದ ಮೇಲೆ ಸಮುದ್ರ ನೋಡಿ ಒಂದೇ ಮಾತು ಹೇಳಿದರು: "ಇಷ್ಟೊಂದು ನೀರು ಇಟ್ಕೊಂಡು ಒಂದು ಗಿಡ ಬೆಳ್ಯಲ್ವಲ್ಲ."

ಐದನೇ ದಿನದ ಹೊತ್ತಿಗೆ ಮೂರು ಕಡೆ ನಿಲ್ಲುತ್ತಿದ್ದರು.

ಐದನೇ ದಿನ ಗುರುವಾರ. ಬೆಳಿಗ್ಗೆ ಹನ್ನೊಂದರ ಹೊತ್ತು, ಅತ್ತೆ ಸ್ನಾನಕ್ಕೆ ಹೋಗಿದ್ದರು. ಯಜಮಾನರ ಫೋನು ಬಂತು. ಹಿಂದೆ ಯಾವುದೋ ದೊಡ್ಡ ಇಂಜಿನ್ನಿನ ಸದ್ದು.

"ಆಯ್ತು ಕಣೇ. ತೆಗೆಸ್ಬಿಟ್ಟೆ."

"ಏನು?"

"ತೋಟ. ಜೇಸಿಬಿ ಸಿಕ್ತು ಇವತ್ತು. ಬೇರು ಸಮೇತ ತೆಗೆಸ್ಬಿಟ್ಟೆ."

ನಾನು ಮಂಚದ ಮೇಲೆ ಕೂತೆ.

"ರೀ, ಅತ್ತೆಗೆ ಮಾತು ಕೊಟ್ಟಿದ್ರಿ."

"ಗಿಡ ಇದ್ರೆ ಅಮ್ಮ ಹುಳ ತರ್ದೆ ಬಿಡಲ್ಲ. ಹುಳ ತಂದ್ರೆ ಅದ್ರ ಮಧ್ಯೆನೇ ಸಾಯ್ತಾರೆ. ಡಾಕ್ಟ್ರು ಹೇಳಿದ್ದು ನೀನೂ ಕೇಳಿದ್ಯಲ್ಲ? ಅಮ್ಮ ಎದುರಿಗಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ." ಇಂಜಿನ್ನಿನ ಸದ್ದು ದೂರವಾಯಿತು, ಅವರು ಆಚೆ ನಡೆದಿರಬೇಕು. "ಒಂದೊಂದು ಬೊಡ್ಡೆನೂ ನನ್ನ ತೊಡೆ ದಪ್ಪ ಇತ್ತು ಕಣೇ. ನಾನು ಹುಟ್ಟಿದ ವರ್ಷ ನೆಟ್ಟಿದ್ದಂತೆ. ನೀನು ಏನೂ ಹೇಳ್ಬೇಡ. ಬಂದ್ಮೇಲೆ ನಾನೇ ಹೇಳ್ತೀನಿ."

ಸ್ನಾನದ ಮನೆಯಲ್ಲಿ ತಂಬಿಗೆಯ ಸದ್ದು ನಿಂತಿತು. ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡು ಬಂದು, "ಯಾರಮ್ಮ ಫೋನು?" ಎಂದರು.

"ನಿಮ್ಮ ಮಗ. ಆರಾಮಾ ಅಂತ ಕೇಳಿದ್ರು."

ಮೋಸ ಇಲ್ಲಿಂದಲೇ ಶುರುವಾದದ್ದು. ನಾನು ಆಗಲೇ ಹೇಳಿಬಿಡಬಹುದಿತ್ತು. ಆದರೆ ಅತ್ತೆಯ ಮುಖ ನೀರು ಹೊಯ್ದುಕೊಂಡು ಕೆಂಪಾಗಿತ್ತು, ಹೊಸದಾಗಿತ್ತು. ಇನ್ನು ಐದು ದಿನ ಇರಲಿ ಎಂದುಕೊಂಡೆ. ಆಮೇಲೆ ಹೇಳುವವರು ಹೇಳಲಿ.

ಮರುದಿನ ಅತ್ತೆ ಎರಡೇ ಕಡೆ ನಿಂತರು. ಅದರ ಮರುದಿನ, ಶನಿವಾರ, ಒಂದೇ ಕಡೆ. ಸುಣ್ಣದ ಧೂಳಿಲ್ಲ, ಕೆಂಡದ ಹೊಗೆಯಿಲ್ಲ, ಸೌದೆ ಒಲೆಯಿಲ್ಲ. ಎದೆಗೆ ಅಷ್ಟು ಬಿಡುವು ಸಿಕ್ಕಿತ್ತು. ಡಾಕ್ಟರು ನಂಬಬೇಡಿ ಎಂದಿದ್ದದ್ದು ಇದನ್ನೇ. ವಾಪಸ್ಸು ಬರುವಾಗ ಅತ್ತೆ ಎಲ್ಲಿಯೂ ನಿಲ್ಲದೆ ಬಂದು, ಮೆಟ್ಟಿಲ ಬುಡದಲ್ಲಿ ತಿರುಗಿ ನನ್ನ ಮುಖ ನೋಡಿದರು. ಉಸಿರು ಜೋರಾಗಿತ್ತು, ಆದರೆ ಅವರು ನಗುತ್ತಿದ್ದರು.

ಲಾಡ್ಜಿನಮ್ಮ ಜಗುಲಿಯಿಂದ ಚಪ್ಪಾಳೆ ತಟ್ಟಿದರು. "ಹೋ! ಅಜ್ಜಿ ಓಡ್ತಾರೆ ಇನ್ನು! ನಾ ಹೇಳ್ಲಿಲ್ವಾ, ನಮ್ಮೂರಿನ ಗಾಳಿ ಅಂದ್ರೆ ಮದ್ದು."

"ನಿಮ್ಮ ಗಾಳಿ ನಾನು ಒಳಕ್ಕೇ ಬಿಟ್ಟಿಲ್ಲ," ಎಂದರು ಅತ್ತೆ. ಇಬ್ಬರೂ ನಕ್ಕರು.

ಕೋಣೆಗೆ ಬಂದವರೇ ಮಂಚದ ತುದಿಯಲ್ಲಿ ಕೂತು, "ಫೋನ್ ತಗಿ," ಎಂದರು. "ಚಾಕಿಯವ್ನಿಗೆ ಮಾಡು. ಈಗ ಹೇಳಿದ್ರೇ ಯುಗಾದಿ ಆದ್ಮೇಲೆ ಸಿಗೋದು."

"ಅತ್ತೆ, ಊರಿಗೆ ಹೋಗಿ ಹೇಳಿದ್ರಾಗಲ್ವಾ?"

"ಊರಿಗೆ ಹೋಗೋಷ್ಟ್ರಲ್ಲಿ ಎಲ್ರೂ ಬರೆಸ್ಕೊಂಡಿರ್ತಾರೆ. ಮಾಡಮ್ಮ. ನೂರು ಮೊಟ್ಟೆ ಬೇಡ, ಐವತ್ತು ಸಾಕು ಅನ್ನು. ಬಿಳಿ ಗೂಡಿಂದು ಬೇಡ, ಮಿಶ್ರತಳಿನೇ ಕೊಡು ಅನ್ನು. ನನ್ನ ಕೈಗೆ ಹಳದಿ ಗೂಡೇ ಸರಿ."

ನಾನು ಫೋನು ತೆಗೆದುಕೊಂಡೆ. ಯಾವ ನಂಬರನ್ನೂ ಒತ್ತಲಿಲ್ಲ. ಪರದೆ ಕಪ್ಪಗಿತ್ತು. ಅದನ್ನು ಕಿವಿಗಿಟ್ಟುಕೊಂಡು, ಅತ್ತ ಕಡೆ ರಿಂಗಾಗುವಷ್ಟು ಹೊತ್ತು ಕಾದೆ.

"ಹಲೋ, ನಮಸ್ಕಾರ. ನಾನು ಅಮ್ಮನ ಸೊಸೆ ಮಾತಾಡ್ತಿರೋದು."

ಯಾರಿಗೂ ಅಲ್ಲದೆ ಐವತ್ತು ಮೊಟ್ಟೆ ಹೇಳಿದೆ; ನಮ್ಮ ಕಡೆ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ. ಮಿಶ್ರತಳಿ ಹೇಳಿದೆ. ನಡುವೆ "ಹೂಂ", "ಹೌದಾ" ಎಂದೆ. ಸುಳ್ಳು ಹೇಳುವವರ ದನಿ ಮೇಲಕ್ಕೇರುತ್ತದೆ ಎಂದು ನಮ್ಮ ಹೆಡ್ ಸಿಸ್ಟರ್ ಹೇಳುತ್ತಿದ್ದರು. ನನ್ನದು ಏರಲಿಲ್ಲ.

"ಅವ್ನು ಹೂಂ ಅಂದ್ನಾ?"

"ಹೂಂ ಅಂದ್ರು ಅತ್ತೆ. ಅಮ್ಮಂಗೆ ಇಲ್ದೆ ಇನ್ಯಾರಿಗೆ ಕೊಡ್ಲಿ ಅಂದ್ರು."

ಆ ಕೊನೆಯ ಮಾತು ಬೇಕಿರಲಿಲ್ಲ. ಅತ್ತೆಗೆ ಅದು ಎಷ್ಟು ಇಷ್ಟವಾಯಿತೆಂದರೆ ಲಾಡ್ಜಿನಮ್ಮನ ಹತ್ತಿರ ಹೋಗಿ ಅದನ್ನೇ ಇನ್ನೊಮ್ಮೆ ಹೇಳಿದರು.

ಆ ಸಂಜೆ ಅವರು ಗೋಡೆ ದಾಟಿ ಮರಳಿಗಿಳಿದರು. ಚಪ್ಪಲಿ ಕೈಯಲ್ಲಿ. ಅಲೆ ಬಂದು ಪಾದ ಮುಟ್ಟಿದಾಗ, "ಎಂದುಕೇ ಅಂತ ತೊಂದರ?" ಎಂದರು, ಯಾಕೆ ಅಷ್ಟು ಆತುರ ಎಂದು. ಅವರ ತವರು ಚಿಂತಾಮಣಿಯಾಚೆ, ಆಂಧ್ರದ ಅಂಚಿಗೆ. ನಮ್ಮ ಜೊತೆ ಕನ್ನಡ, ಹುಳುಗಳ ಜೊತೆ ಮಾತ್ರ ತೆಲುಗು. ಅಷ್ಟು ಮೆತ್ತಗೆ ಅವರು ತೆಲುಗು ಆಡಿದ್ದನ್ನು ನಾನು ಹುಳು ಮನೆಯ ಬಾಗಿಲಲ್ಲಿ ಬಿಟ್ಟು ಬೇರೆಲ್ಲೂ ಕೇಳಿರಲಿಲ್ಲ.

ಮರಳಲ್ಲಿ ಬಿದ್ದಿದ್ದ ಹಕ್ಕಿಗರಿಗಳನ್ನು ಆರಿಸತೊಡಗಿದರು. ಒಂದೊಂದನ್ನೂ ಕೆನ್ನೆಗೆ ಸವರಿ ನೋಡಿ, ಒರಟಾದದ್ದನ್ನು ಬಿಸಾಡಿ, ಮೆತ್ತಗಿದ್ದದ್ದನ್ನು ಸೆರಗಿಗೆ ಹಾಕಿಕೊಂಡರು.

"ಎಳೇ ಹುಳ ಕೈಲಿ ಮುಟ್ಟಬಾರ್ದು, ಗರಿಲೇ ಸರಿಸ್ಬೇಕು. ಕೋಳಿ ಗರಿ ಚುಚ್ಚುತ್ತೆ. ಇದು ನೋಡು, ಹತ್ತಿ ಇದ್ದಂಗೈತೆ. ನೀನೂ ಆರ್ಸಮ್ಮ, ಸುಮ್ನೆ ಯಾಕೆ ನಿಂತಿದ್ದೀಯ?"

ನಾನೂ ಬಗ್ಗಿದೆ. ಇಬ್ಬರೂ ಕತ್ತಲಾಗುವ ಮೊದಲು ಒಂದು ಹಿಡಿ ಗರಿ ಆರಿಸಿದೆವು. ನಾನು ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಅತ್ತೆ ನನ್ನನ್ನು ಹುಳುವಿನ ಕೆಲಸಕ್ಕೆ ಕರೆದದ್ದು ಅದೇ ಮೊದಲು.

ಹನ್ನೊಂದನೇ ದಿನ ಮಧ್ಯಾಹ್ನ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿಗೆ ಯಜಮಾನರು ಕಾರು ತಂದಿದ್ದರು. "ಮೊದ್ಲು ನಮ್ಮನೆಗೆ ಹೋಗಣಮ್ಮ, ಊಟ ಮಾಡಿ ರೆಸ್ಟ್ ತಗೋ," ಎಂದರು. ಅತ್ತೆ ಹಿಂದಿನ ಸೀಟಿನಲ್ಲಿ ನೇರವಾಗಿ ಕೂತಿದ್ದರು.

"ನಡ್ಯೋ ಸುಮ್ನೆ. ಹಳ್ಳಿಗೆ ನಡಿ. ತೋಟದ ಮೇಲಾಸಿ ಹೋಗು, ಸೊಪ್ಪು ಎಷ್ಟು ಬಂದೈತೆ ನೋಡ್ತೀನಿ."

ಯಜಮಾನರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ದಾರಿಯುದ್ದಕ್ಕೂ ಅವರು ಹೇಳುತ್ತಾರೆ ಎಂದು ನಾನು ಕಾದೆ, ನಾನೇ ಮಾತು ಶುರುಮಾಡಲಿ ಎಂದು ಅವರು ಕಾದರೋ ಏನೋ.

ಕಾರು ನಿಂತಿತು. ಅತ್ತೆ ಇಳಿದರು. ಎದುರಿಗೆ ಬರೀ ಕೆಂಪು ಮಣ್ಣು, ಅದರ ಮೇಲೆ ಜೇಸಿಬಿ ಚಕ್ರದ ಗುರುತು. ಬದುವಿನ ಮೇಲೆ ಬೊಡ್ಡೆಗಳನ್ನು ರಾಶಿ ಹಾಕಿದ್ದರು. ಕಡಿದ ಜಾಗ ಒಣಗಿ ಹಳದಿಯಾಗಿತ್ತು. ಕಿತ್ತ ಒಂದು ಬೊಡ್ಡೆಯಲ್ಲಿ, ಇನ್ನೂ ಗೊತ್ತಾಗಿಲ್ಲವೆಂಬಂತೆ, ಎರಡು ಚಿಗುರು ಹಸಿರಾಗಿದ್ದವು.

"ಅಮ್ಮ, ನಿನ್ನ ಆರೋಗ್ಯಕ್ಕೇ..." ಎಂದು ಯಜಮಾನರು ಶುರುಮಾಡಿದರು.

"ಯಾವತ್ತು?"

"ಅಮ್ಮ, ಕೇಳಿಲ್ಲಿ..."

"ಯಾವತ್ತು ಅಂತ ಕೇಳ್ದೆ."

"ಗುರುವಾರ."

ಅತ್ತೆ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತಾ ಎಣಿಸಿದರು. ಆಮೇಲೆ ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಶನಿವಾರ ಅಲ್ವೇನಮ್ಮ ನೀನು ಚಾಕಿಯವ್ನಿಗೆ ಫೋನ್ ಮಾಡಿದ್ದು?"

ಕಾರಿನ ಬಾಗಿಲು ತೆರೆದೇ ಇತ್ತು. ಅದರೊಳಗಿಂದ ಬಾಗಿಲು ಹಾಕಿ ಎನ್ನುವ ಸಣ್ಣ ಟಿಣ್ ಟಿಣ್ ಸದ್ದು ಬರುತ್ತಿತ್ತು. ಯಜಮಾನರಿಗೆ ಫೋನಿನ ವಿಷಯ ಗೊತ್ತಿರಲಿಲ್ಲ, "ಯಾವ ಫೋನು?" ಎಂದರು. ನಾನು ಹೋಗಿ ಕಾರಿನ ಬಾಗಿಲು ಹಾಕಿದೆ.

ಮಗನನ್ನು ಅವರು ಕ್ಷಮಿಸಿದರು. ಬೈದರು, ಅತ್ತರು, ಒಂದು ವಾರ ಮಾತು ಬಿಟ್ಟರು. ಆಮೇಲೆ ಮಗನ ತಟ್ಟೆಗೆ ತಾವೇ ಮುದ್ದೆ ಇಟ್ಟರು. ಮಗ ಗಿಡ ಕಿತ್ತದ್ದು ಹೆದರಿಕೆಗೆ ಎಂದು ಅವರಿಗೆ ಅರ್ಥವಾಗಿತ್ತು. ನನ್ನನ್ನು ಅವರು ಬೈಯಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಳೆಗಾಲ ಬರುವಷ್ಟರಲ್ಲಿ ಡಾಕ್ಟರು ಹೇಳಿದ ಹಾಗೇ ಆಯಿತು. ಸಮುದ್ರದ ಊರಿನಲ್ಲಿ ಸಿಕ್ಕಿದ್ದ ಉಸಿರೆಲ್ಲ ಹೋಯಿತು, ಅದರ ಜೊತೆಗೆ ಇನ್ನಷ್ಟೂ ಹೋಯಿತು. ಈಗ ಅವರು ಶಿಡ್ಲಘಟ್ಟದ ನಮ್ಮ ಮನೆಯಲ್ಲೇ ಇದ್ದಾರೆ. ನಡುಮನೆಯ ಮೂಲೆಯಲ್ಲಿ ಮಂಚ, ಪಕ್ಕದಲ್ಲಿ ಆಕ್ಸಿಜನ್ ಮಿಶನ್ನು, ಮೂಗಿಗೆ ಕೊಳವೆ. ಕೊಳವೆಯ ಗುರುತು ಕೆನ್ನೆಯ ಮೇಲೆ ಎರಡು ಗೆರೆಯಾಗಿ ಕೂತಿದೆ. ನನ್ನ ಜೊತೆ ಮಾತಾಡುತ್ತಾರೆ. ಉಪ್ಪು ಕಮ್ಮಿ ಎನ್ನುತ್ತಾರೆ, ಫ್ಯಾನ್ ಸಣ್ಣಗೆ ಮಾಡು ಎನ್ನುತ್ತಾರೆ. ಆದರೆ ನಾನು ಹೇಳಿದ ಯಾವುದನ್ನೂ ಇನ್ನೊಬ್ಬರನ್ನು ಕೇಳದೆ ನಂಬುವುದಿಲ್ಲ. ಇವತ್ತು ಸೋಮವಾರ ಎಂದರೆ ಸುಮ್ಮನಿದ್ದು, ಹಾಲಿನವನು ಬಂದಾಗ ಕೂಗಿ ಕೇಳುತ್ತಾರೆ. ಡಾಕ್ಟರು ಮುಂದಿನ ವಾರ ಬರಕ್ಕೆ ಹೇಳಿದ್ದಾರೆ ಎಂದರೆ ಮಗ ಬರುವವರೆಗೆ ಕಾಯುತ್ತಾರೆ.

ಎದುರು ಮನೆಯವರು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಯ ಕುಟುಂಬ. ಆ ಮನೆಯ ಹೆಂಗಸು ಸಂಜೆ ಅತ್ತೆಯನ್ನು ನೋಡಲು ಬರುತ್ತಾರೆ. ಅವರ ಮನೆಮಾತು ಉರ್ದು. ಕನ್ನಡ ಓದಲು ಬರುತ್ತದೆ, ನಿಧಾನ. ಇಂಗ್ಲಿಷು ಅದಕ್ಕಿಂತ ನಿಧಾನ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಬಿಳಿ ಮಾತ್ರೆ ಬಿಡಿಸಿ ಕೊಟ್ಟೆ. "ಇದು ಕಫದ್ದು ಅತ್ತೆ. ಈಗ್ಲೇ ತಗೊಳ್ಳಿ."

ಅವರು ಮಾತ್ರೆಯನ್ನು ಕೈಗೆ ತೆಗೆದುಕೊಂಡರು. "ಆ ಹಾಳೆನೂ ಕೊಡಮ್ಮ," ಎಂದರು. ಖಾಲಿಯಾದ ಪಟ್ಟಿಯನ್ನು ಕೊಟ್ಟೆ. ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು, ಮಾತ್ರೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಬಾಗಿಲ ಕಡೆ ನೋಡುತ್ತಾ ಮಲಗಿದರು. ಸಂಜೆ ಎದುರು ಮನೆಯವರು ಬಂದು, ಪಟ್ಟಿಯ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, "ಹೌದಮ್ಮ, ಕಫದ್ದೇ. ತಗೊಳ್ಳಿ," ಎಂದ ಮೇಲೆ ಅತ್ತೆ ಕೈ ಬಿಚ್ಚಿದರು. ಅಷ್ಟು ಹೊತ್ತಿಗೆ ಮಾತ್ರೆ ಬೆವರಿಗೆ ಕರಗಿ ಅರ್ಧವಾಗಿತ್ತು. ಉಳಿದದ್ದನ್ನು ಬಾಯಿಗೆ ಹಾಕಿಕೊಂಡು, ಅಂಗೈಯನ್ನು ನೆಕ್ಕಿ, ನೀರು ಕುಡಿದರು. ನೀರಿನ ಲೋಟ ಹಿಡಿದು ನಿಂತಿದ್ದವಳು ನಾನೇ.